ಜೆಟ್ ಹಾರುವಾಗ ಹಾಡು ಬೇಡ, ಕನ್ನಡದ ನಾಲ್ಕು ಮಾತು ಇರಲಿ

ಮಾನ್ಯ ಸಂಪಾದಕರೇ,

ಏರ್ ಶೋದಲ್ಲಿ ಹಾಕುವ ಹಾಡುಗಳು ಹಳಸಲಾಗಿವೆ, ಮುಂದಿನ ಸಲ ಒಳ್ಳೆಯ ಹಾಡು ಹಾಕಲಿ, ಅದರಲ್ಲಿ ಕನ್ನಡದ್ದೂ ನಾಲ್ಕು ಇರಲಿ ಎಂದು ಓದುಗರೊಬ್ಬರು ಈಚೆಗೆ ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಕನ್ನಡದ ಆಸೆ ನನಗೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹಾಡಿನ ವಿಷಯದಲ್ಲಿ ನನ್ನದು ಪೂರ್ತಿ ಉಲ್ಟಾ ಬೇಡಿಕೆ. ಜೆಟ್ ವಿಮಾನ ತಲೆಯ ಮೇಲಿರುವಾಗ ಯಾವ ಹಾಡೂ ಬೇಡ. ಹಿಂದಿಯದ್ದೂ ಬೇಡ, ಇಂಗ್ಲಿಷಿನದ್ದೂ ಬೇಡ, ನಮ್ಮ ಅಣ್ಣಾವ್ರು ಹಾಡಿದ್ದೂ ಬೇಡ.

ಏರೋ ಇಂಡಿಯಾ ವೈಮಾನಿಕ ಪ್ರದರ್ಶನ 1996ರಿಂದ ನಮ್ಮ ಯಲಹಂಕದ ವಾಯುನೆಲೆಯಲ್ಲೇ ನಡೆಯುತ್ತಿದೆ. ಈ ಕಡೆ ಇರುವ ನಮಗೆ ಪಾಸ್ ಇರಲಿ ಬಿಡಲಿ, ಆ ವಾರ ಪೂರ್ತಿ ಕತ್ತು ಮೇಲೆಯೇ. ಹೀಗೆ ನೋಡಿ ನೋಡಿ ಕಿವಿಯೂ ಪಳಗಿಬಿಡುತ್ತದೆ. ಸುಖೋಯ್-30ಕ್ಕೆ ಎರಡು ಎಂಜಿನ್. ಅದು ಆಫ್ಟರ್‌ಬರ್ನರ್ (ಎಂಜಿನ್ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಸಾಧನ) ಹಚ್ಚಿ ನೆಟ್ಟಗೆ ಮೇಲೆದ್ದರೆ ಆ ಸದ್ದು ಕಿವಿಗೆ ಮಾತ್ರ ಅಲ್ಲ, ಎದೆಗೂ ಬಂದು ತಾಗುತ್ತದೆ. ತೇಜಸ್‌ಗೆ ಒಂದೇ ಎಂಜಿನ್, ಅದರ ಗರ್ಜನೆ ಬೇರೆ ಥರ. ಆಕಾಶದಲ್ಲಿ ಕಸರತ್ತು ಮಾಡುವ ವಾಯುಪಡೆಯ ಸೂರ್ಯಕಿರಣ ತಂಡದ ಹಾಕ್ ವಿಮಾನಕ್ಕೆ ಆಫ್ಟರ್‌ಬರ್ನರ್ ಇಲ್ಲ, ಹಾಗಾಗಿ ಒಂಬತ್ತು ಒಟ್ಟಿಗೆ ಬಂದರೂ ಸುಖೋಯ್‌ನ ಆ ಅಬ್ಬರ ಇರುವುದಿಲ್ಲ. ಧ್ರುವ್ ಹೆಲಿಕಾಪ್ಟರ್ ಜೋರಾಗಿ ತಿರುಗಿದಾಗ ಅದರ ರೆಕ್ಕೆಯ ಟಪಟಪ ಸದ್ದಿನ ನಡೆಯೇ ಬದಲಾಗುತ್ತದೆ. ಪಕ್ಕದ ಮನೆಯ ಹುಡುಗರು ಕಣ್ಣು ಮುಚ್ಚಿಕೊಂಡು ಇದು ಯಾವ ವಿಮಾನ ಎಂದು ಹೇಳುತ್ತಾರೆ. ಇದರ ಮೇಲೆ ಸಿನಿಮಾ ಹಾಡು ಸುರಿಯುವುದು ಮೃದಂಗದ ತನಿ ಆವರ್ತನ ನಡೆಯುವಾಗ ಪಕ್ಕದಲ್ಲಿ ನಿಂತು ವಾಲಗ ಊದಿದ ಹಾಗೆ. ವಾಲಗ ಕೆಟ್ಟದ್ದು ಅಂತಲ್ಲ, ಆ ಹೊತ್ತು ಅದರದ್ದಲ್ಲ.

ಇನ್ನೊಂದು ಮಜಾ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ದೂರದ ವಿಮಾನದ ಸದ್ದು ನಮ್ಮನ್ನು ಮುಟ್ಟಲು ಮೂರು ಸೆಕೆಂಡ್ ಬೇಕು. ಗಂಟೆಗೆ 720 ಕಿಲೋಮೀಟರ್ ವೇಗದಲ್ಲಿರುವ ಜೆಟ್ ಅಷ್ಟರಲ್ಲಿ 600 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಸದ್ದು ಎಲ್ಲಿಂದ ಬಂತೋ ಅಲ್ಲಿ ನೋಡಿದರೆ ಖಾಲಿ ಆಕಾಶ, ವಿಮಾನ ಇನ್ನೂ ಮುಂದೆ. ಮೊದಲ ಸಲ ಬಂದ ಮಕ್ಕಳು ತಪ್ಪು ಕಡೆ ನೋಡುತ್ತಾ ‘ಎಲ್ಲಿ, ಎಲ್ಲಿ’ ಎನ್ನುತ್ತವೆ, ಸ್ವಲ್ಪ ಹೊತ್ತಿಗೆ ತಾವೇ ಕಲಿತು ಸದ್ದಿನ ಮುಂದಕ್ಕೆ ನೋಡತೊಡಗುತ್ತವೆ. ಶಾಲೆಯ ಪಾಠದಲ್ಲಿ ಬಾಯಿಪಾಠ ಮಾಡಿದ ಶಬ್ದದ ವೇಗ ಇಲ್ಲಿ ಪುಕ್ಕಟೆಯಾಗಿ ಅನುಭವಕ್ಕೆ ಬರುತ್ತದೆ. ಸ್ಪೀಕರ್‌ನಲ್ಲಿ ಡ್ರಮ್ ಬಡಿಯುತ್ತಿದ್ದರೆ ಇದ್ಯಾವುದೂ ತಿಳಿಯುವುದಿಲ್ಲ.

ಸ್ಪೀಕರ್ ವಿಷಯಕ್ಕೆ ಬಂದರೆ ಅದೇ ಶಬ್ದದ ವೇಗ ಅಲ್ಲೂ ಕಾಟ ಕೊಡುತ್ತದೆ. ನೋಡುವವರ ಸಾಲು ಉದ್ದ, ಅದರ ಉದ್ದಕ್ಕೂ ಸ್ಪೀಕರ್ ಕಂಬಗಳು. ಹತ್ತಿರದ ಸ್ಪೀಕರ್‌ನಿಂದ ಪಲ್ಲವಿ ಈಗ ಕೇಳಿಸಿದರೆ, 340 ಮೀಟರ್ ಆಚೆಯದರಿಂದ ಅದೇ ಪಲ್ಲವಿ ಒಂದು ಸೆಕೆಂಡ್ ಬಿಟ್ಟು ಬರುತ್ತದೆ. ಎರಡೂ ಸೇರಿ ಕಲಸುಮೇಲೋಗರ. ಸಾಲದ್ದಕ್ಕೆ ಜೆಟ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾರೆ, ಜೆಟ್ ಹೆಬ್ಬಾಳದ ಕಡೆ ಹೋಗಿ ಕಾಣದಾದ ಮೇಲೂ ವಾಲ್ಯೂಮ್ ಅಲ್ಲೇ ಇರುತ್ತದೆ, ಪಕ್ಕದಲ್ಲಿ ಕೂತವರ ಜೊತೆ ‘ಈಗ ಬಂದಿದ್ದು ರಫೇಲಾ, ತೇಜಸ್ಸಾ’ ಅಂತ ಮಾತಾಡಬೇಕಾದರೂ ಕಿರುಚಬೇಕು. ಜೆಟ್ ಸದ್ದೇ ಮಕ್ಕಳ ಕಿವಿಗೆ ಜಾಸ್ತಿ ಅಲ್ವಾ ಎಂದು ಕೇಳುವವರಿದ್ದಾರೆ. ಹೌದು, ಜಾಸ್ತಿ. ಚಿಕ್ಕ ಮಕ್ಕಳ ಕಿವಿಗೆ ಏನಾದರೂ ಮುಚ್ಚಲೇಬೇಕು. ಆದರೆ ಅದು ಇನ್ನಷ್ಟು ಸದ್ದು ಸೇರಿಸಲು ಕಾರಣ ಹೇಗಾಗುತ್ತದೆ?

ಹಾಡಿಲ್ಲದಿದ್ದರೆ ಜನಕ್ಕೆ ಬೋರ್ ಆಗುತ್ತದೆ ಎನ್ನುವವರಿಗೆ ನನ್ನ ಉತ್ತರ ಬೇಲಿಯ ಹೊರಗಿದೆ. 2025ರಲ್ಲಿ ಹಾರಾಟ ನೋಡುವ ಜಾಗದ ಟಿಕೆಟ್‌ಗೆ ತಲೆಗೆ 1,000 ರೂಪಾಯಿ, ಒಳಗೆ ಸುತ್ತಾಡುವ ಸಾಮಾನ್ಯ ಟಿಕೆಟ್‌ಗೆ 2,500 ರೂಪಾಯಿ. ಅಷ್ಟು ಕೊಡಲಾಗದ, ಕೊಡಲು ಮನಸ್ಸಿಲ್ಲದ ಜನ ಬಳ್ಳಾರಿ ರಸ್ತೆಯ ಬದಿಯಲ್ಲಿ, ಹುಣಸಮಾರನಹಳ್ಳಿಯ ತಾರಸಿಗಳ ಮೇಲೆ, ಕಟ್ಟುತ್ತಿರುವ ಮನೆಗಳ ಮೋಲ್ಡ್ ಮೇಲೆ ನಿಂತಿರುತ್ತಾರೆ. ಪೊಲೀಸರು ಓಡಿಸಿದರೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಲ್ಲುತ್ತಾರೆ. ಅವರಿಗೆ ಸ್ಪೀಕರ್ ಇಲ್ಲ, ಹಾಡಿಲ್ಲ, ನೆರಳೂ ಇಲ್ಲ. ಫೆಬ್ರವರಿ ಬಿಸಿಲಲ್ಲಿ ಕಡಲೆಕಾಯಿ ತಿನ್ನುತ್ತಾ ನಿಂತ ಆ ಜನ ಹೊಡೆಯುವ ಸಿಳ್ಳೆ ಒಳಗಿನವರಿಗಿಂತ ಜೋರು. 2025ರಲ್ಲಿ ರಷ್ಯಾದ ಸುಖೋಯ್-57 ಹಾರಿದಾಗ ರಸ್ತೆ ಬದಿಯ ಒಬ್ಬನಾದರೂ ಇದಕ್ಕೊಂದು ಹಾಡು ಇರಬೇಕಿತ್ತು ಅಂದಿದ್ದನ್ನು ನಾನಂತೂ ಕೇಳಲಿಲ್ಲ.

ಇನ್ನು ಹಾಡಿಗೂ ಹಾರಾಟಕ್ಕೂ ತಾಳ ಕೂಡುತ್ತದೆಯೇ? ಭರತನಾಟ್ಯದವರಿಗೆ ಹಾಡು ಕೇಳಿಸುತ್ತದೆ, ಅವರು ಅದಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಾರೆ. ಹೆಲ್ಮೆಟ್ ಹಾಕಿ ಕಾಕ್‌ಪಿಟ್‌ನಲ್ಲಿ ಕೂತ ಪೈಲಟ್ ಕೇಳುವುದು ನಮ್ಮ ಸ್ಪೀಕರ್ ಹಾಡನ್ನಲ್ಲ, ರೇಡಿಯೋದಲ್ಲಿ ತಂಡದ ನಾಯಕ ಹೇಳುವ ಮಾತನ್ನು. ಮೋಡ ಕೆಳಗಿದ್ದರೆ ಮೇಲೇರಿ ಲೂಪ್ ಹೊಡೆಯುವುದನ್ನು ಬಿಟ್ಟು ತಗ್ಗಿನಲ್ಲೇ ಮಾಡುವ ಕಸರತ್ತಿಗೆ ಇಳಿಯಬೇಕಾಗುತ್ತದೆ. ಗಾಳಿ ಜೋರಾದರೆ ತಿರುವು ಹೆಚ್ಚುಕಮ್ಮಿ ಆಗುತ್ತದೆ. ಹಕ್ಕಿ ಅಡ್ಡ ಬಂದರೆ ಇನ್ನೊಂದು ಕಥೆ. (ಹಕ್ಕಿ ಅಂದಾಗ ನೆನಪಾಯಿತು. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ ಎಂದು 2025ರಲ್ಲಿ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸ ಮಾರಾಟ ನಿಲ್ಲಿಸಿದ್ದರು, ಜನವರಿ 23ರಿಂದ ಫೆಬ್ರವರಿ 17ರವರೆಗೆ. ವಿಮಾನಕ್ಕಾಗಿ ಅಷ್ಟು ದಿನ ಮಟನ್ ಬಿಟ್ಟ ಜನಕ್ಕೆ ಆ ವಿಮಾನದ ಸದ್ದನ್ನಾದರೂ ನೆಟ್ಟಗೆ ಕೇಳಿಸಬೇಕಲ್ಲವೇ?) ಹೀಗೆ ಎಲ್ಲ ಕ್ಷಣಕ್ಷಣಕ್ಕೆ ಬದಲಾಗುವಾಗ ಹಾಡಿನ ಚರಣ ಒಂದು ಕಡೆ, ವಿಮಾನ ಒಂದು ಕಡೆ. ಹಾಗಾಗಿಯೇ ಯಾವುದಕ್ಕೂ ಹೊಂದುವ, ಅಂದರೆ ಯಾವುದಕ್ಕೂ ಹೊಂದದ, ಸುಮ್ನೆ ಜೋರಾದ ಒಂದು ಟ್ಯೂನ್ ಹಾಕಿ ಕೂರುತ್ತಾರೆ.

ಚೆನ್ನಾಗಿ ಹೊಂದಿದ ಉದಾಹರಣೆ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇಟಲಿಯ ವಾಯುಪಡೆಯ ಫ್ರೆಚ್ಚೆ ತ್ರಿಕೋಲೊರಿ ತಂಡ ಕೊನೆಯಲ್ಲಿ ಹಸಿರು, ಬಿಳಿ, ಕೆಂಪು ಹೊಗೆ ಬಿಡುತ್ತಾ ಬರುವಾಗ ಅಲ್ಲಿಯ ಹೆಸರಾಂತ ಗಾಯಕ ಪವರೊಟ್ಟಿ ಹಾಡಿದ ಆಪೆರಾ (ಸಂಗೀತ ನಾಟಕ) ಹಾಡು ಹಾಕುತ್ತಾರೆ. ವಿಡಿಯೋದಲ್ಲಿ ನೋಡಿದರೂ ಮೈ ಜುಂ ಎನ್ನುತ್ತದೆ. ಅದು ಯಾಕೆ ಒಪ್ಪುತ್ತದೆ ಅಂದರೆ ಅಲ್ಲಿ ಚುರುಕಿನ ಕಸರತ್ತು ಮುಗಿದಿರುತ್ತದೆ, ಎಲ್ಲ ವಿಮಾನಗಳೂ ಅಗಲವಾಗಿ ಹರಡಿಕೊಂಡು ಸಾಗುತ್ತವೆ, ಒಂದೇ ಹಾಡು, ಅದೂ ಅವರದ್ದೇ ನಾಡಿನದು. ನಮ್ಮ ಸೂರ್ಯಕಿರಣ ತಂಡವೂ ಕೊನೆಗೆ ತ್ರಿವರ್ಣ ಬಿಡುವಾಗ ಒಂದು ಹಾಡು ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ವಾಯುಪಡೆಯ ಸಾರಂಗ್ ತಂಡದ ಹೆಲಿಕಾಪ್ಟರ್‌ಗಳು ನಿಧಾನವಾಗಿ ಕುಣಿದಂತೆ ಬರುವಾಗಲೂ ಮೆಲ್ಲಗೆ ಏನಾದರೂ ಇದ್ದರೆ ಸಹಿಸಬಹುದು. ಒಂದು ಪ್ರದರ್ಶನ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಂತೂ ಧಾರಾಳವಾಗಿ ಸಂಗೀತ ಇರಲಿ. ವಾಯುಪಡೆಗೆ ತನ್ನದೇ ಏರ್ ವಾರಿಯರ್ ಸಿಂಫನಿ ಆರ್ಕೆಸ್ಟ್ರಾ ಇದೆ, ಆ ಕಲಾವಿದರನ್ನು ಕೂರಿಸಿ ಎದುರಿಗೇ ನುಡಿಸಲಿ. ರೆಕಾರ್ಡ್ ಹಾಕುವ ಹಣೆಬರಹ ಯಾಕೆ?

ಮೈಸೂರು ದಸರೆಯ ಏರ್ ಶೋಗೂ ಇದೇ ಮಾತು. ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ವಿಮಾನಗಳದ್ದು ಸ್ವಲ್ಪ ಹೊತ್ತಿನ ಆಟ. ದಸರೆಯಲ್ಲಿ ಹಾಡಿಗೇನು ಬರವೇ, ಅರಮನೆ ಮುಂದೆ ದಿನಾ ಸಂಗೀತ, ಪೊಲೀಸ್ ಬ್ಯಾಂಡ್, ಊರ ತುಂಬ ಸ್ಪೀಕರ್. ಆ ಸ್ವಲ್ಪ ಹೊತ್ತಾದರೂ ಆಕಾಶದ ಸದ್ದು ಆಕಾಶದ್ದಾಗಿರಲಿ.

ಈಗ ಕನ್ನಡದ ವಿಷಯ. ಓದುಗರು ಕನ್ನಡ ಹಾಡು ಕೇಳಿದ್ದಾರೆ, ನಾನು ಕನ್ನಡ ಮಾತು ಕೇಳುತ್ತೇನೆ. ಯಲಹಂಕದಲ್ಲಿ ನನ್ನ ಕಿವಿಗೆ ಬಿದ್ದ ವೀಕ್ಷಕ ವಿವರಣೆಯೆಲ್ಲ ಹೆಚ್ಚುಕಡಿಮೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸೂರ್ಯಕಿರಣ ತಂಡ ಹುಟ್ಟಿದ್ದು ಎಲ್ಲಿ? ನಮ್ಮ ಬೀದರ್‌ನಲ್ಲಿ, 1996ರಲ್ಲಿ, ವಿಮಾನ ಕಾರ್ಖಾನೆ ಎಚ್‌ಎಎಲ್‌ನವರು ಮಾಡಿದ ಕಿರಣ್ ವಿಮಾನಗಳೊಂದಿಗೆ. ತರಬೇತಿಗೆ ವಿಮಾನ ಸಾಲದೆ 2011ರಲ್ಲಿ ತಂಡ ನಿಂತುಹೋಯಿತು, ಆಮೇಲೆ ಹಾಕ್ ವಿಮಾನಗಳೊಂದಿಗೆ ಮತ್ತೆ ಎದ್ದಿತು. ಈ ಹಾಕ್‌ಗಳನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜೋಡಿಸಿದ್ದು. ತೇಜಸ್, ಧ್ರುವ್, ಎಚ್‌ಟಿಟಿ-40 ತರಬೇತಿ ವಿಮಾನ ಎಲ್ಲ ಇದೇ ಊರಿನ ಕೂಸುಗಳು. ಇವುಗಳ ಮೇಲೆ ಕೈಯಾಡಿಸಿದ ಎಷ್ಟೋ ಕೆಲಸಗಾರರ ಮನೆಯವರು ಆ ಜನಸಂದಣಿಯಲ್ಲೇ ಕೂತಿರುತ್ತಾರೆ. ಅವರಿಗೆ ಅವರ ಭಾಷೆಯಲ್ಲಿ, ‘ಎಡಗಡೆಯಿಂದ ಇಬ್ಬರು, ಬಲಗಡೆಯಿಂದ ಒಬ್ಬರು ಬರುತ್ತಿದ್ದಾರೆ, ನಡುವೆ ನೋಡಿ’ ಎಂದು ಒಬ್ಬರು ಹೇಳಿ ಸುಮ್ಮನಾದರೆ ಸಾಕು. ಹೇಳಿ ಸುಮ್ಮನಾಗುವುದು ಮುಖ್ಯ. ವಿವರಣೆ ಕೊಡುವವರಿಗೂ ಬಾಯಿ ಮುಚ್ಚುವ ಹೊತ್ತು ಗೊತ್ತಿರಬೇಕು.

ಮೈಕನ್ನು ಮಾತಿಗೇ ಬಿಡಿ ಎನ್ನಲು ಇನ್ನೊಂದು ಕಾರಣವಿದೆ. 2019ರ ಏರೋ ಇಂಡಿಯಾ ನೆನಪಿರಬಹುದು. ಶುರುವಾಗುವ ಹಿಂದಿನ ದಿನ, ಫೆಬ್ರವರಿ 19ರಂದು, ತಾಲೀಮಿನಲ್ಲಿ ಸೂರ್ಯಕಿರಣದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅದೇ ವಾರ ಪಾರ್ಕಿಂಗ್ ಜಾಗಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟವು. ಅಷ್ಟು ಜನ ಸೇರಿದ ಕಡೆ ಏನಾದರೂ ಆದಾಗ ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂದು ತಕ್ಷಣ ಹೇಳಬೇಕಾದದ್ದು ಇದೇ ಸ್ಪೀಕರ್‌ಗಳು. ಹಾಡಿನ ಗದ್ದಲಕ್ಕೆ ಒಗ್ಗಿಹೋದ ಕಿವಿ ಸ್ಪೀಕರ್‌ನಲ್ಲಿ ಏನು ಬಂದರೂ ಗಮನ ಕೊಡುವುದಿಲ್ಲ. ಅಷ್ಟೇ ಅಲ್ಲ, ಸಿನಿಮಾ ಟ್ಯೂನ್ ಹಾಕಿದ ಕೂಡಲೇ ಅದು ಸಿನಿಮಾ ಸ್ಟಂಟ್ ಥರ ಕಾಣುತ್ತದೆ. ಒಳಗೊಬ್ಬ ಮನುಷ್ಯ ಜೀವ ಪಣಕ್ಕಿಟ್ಟು ಕೂತಿದ್ದಾನೆ ಎನ್ನುವುದು ಮರೆತೇ ಹೋಗುತ್ತದೆ.

ಕೊನೆಗೆ ನಿಮಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಏರ್ ಶೋ ವಿಡಿಯೋಗಳನ್ನು ಹಾಕುವಾಗ ಪತ್ರಿಕೆಗಳು, ಟಿವಿಯವರು, ರೀಲ್ಸ್ ಮಾಡುವ ಹುಡುಗರು ಎಲ್ಲರೂ ಎಂಜಿನ್ ಸದ್ದನ್ನು ತೆಗೆದು ಹಾಡು ಅಂಟಿಸುತ್ತಾರೆ. ಒಂದಾದರೂ ವಿಡಿಯೋ ಅದರ ಅಸಲಿ ಸದ್ದಿನಲ್ಲೇ ಹಾಕಿ ನೋಡಿ.

ಸಂಘಟಕರಿಗೆ ನನ್ನ ಕೋರಿಕೆ ಚಿಕ್ಕದು. ಏರೋ ಇಂಡಿಯಾದ ಕೊನೆಯ ಎರಡು ದಿನ ಸಾರ್ವಜನಿಕರಿಗೆ ಇರುತ್ತದೆ. ಅದರಲ್ಲಿ ಒಂದು ದಿನ ಈಗಿನಂತೆ ಹಾಡು ಹಾಕಲಿ. ಇನ್ನೊಂದು ದಿನ ಹಾಡು ನಿಲ್ಲಿಸಿ, ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಬರೀ ಚುಟುಕು ವಿವರಣೆ ಕೊಡಲಿ. ಹೊರಗೆ ಹೋಗುವ ಗೇಟಿನ ಹತ್ತಿರ ಜನರನ್ನು ಕೇಳಲಿ. ಹಾಡೇ ಬೇಕು ಎಂದು ಹೆಚ್ಚಿನವರು ಅಂದರೆ ನಾನು ಟಿಕೆಟ್ ದುಡ್ಡು ಉಳಿಸಿ ಹುಣಸಮಾರನಹಳ್ಳಿಯ ತಾರಸಿಗೆ ಹೋಗುತ್ತೇನೆ.

ಇಂತಿ,
ಯಲಹಂಕದ ಒಬ್ಬ ಓದುಗ