ನಾಯಿಗೆ ಕೂಳು ಬೇಯಿಸುವ ಕೆಲಸ

ಒಂಟಾರಿಯೊ, ಕೆನಡಾ
ಜನವರಿ ಕೊನೆಯ ವಾರ

ಅಪ್ಪ, ಅವ್ವ, ಇಬ್ಬರಿಗೂ ನಮಸ್ಕಾರ.

ನಾನು ಆರಾಮ ಇದ್ದೇನೆ. ಇಲ್ಲಿ ಮೊಣಕಾಲು ಮಟ್ಟ ಹಿಮ ಬಿದ್ದಿದೆ. ಸ್ವೆಟರ್ ಹಾಕಿಕೊಳ್ಳುತ್ತೀಯಾ ಅಂತ ಕೇಳಬೇಡಿ, ಎರಡೆರಡು ಹಾಕಿಕೊಳ್ಳುತ್ತೇನೆ.

ಹೋದ ಭಾನುವಾರ ಫೋನಿನಲ್ಲಿ ಅವ್ವ ಒಂದು ಮಾತು ಅಂದಳು. "ನಾಯಿಗೆ ಕೂಳು ಬೇಯಿಸಾಕ ಅಷ್ಟು ದೂರ ಹೋಗ್ಬೇಕಿತ್ತೇನಪಾ?" ಆಗ ನಕ್ಕುಬಿಟ್ಟೆ. ಆಮೇಲೆ ರಾತ್ರಿ ಶಿಫ್ಟಿನಲ್ಲಿ ಅದೇ ಮಾತು ತಲೆಯಲ್ಲಿ ಸುತ್ತಿತು. ಅದಕ್ಕೇ ಬರೆಯುತ್ತಿದ್ದೇನೆ. ತಂಗಿ, ನಿಧಾನವಾಗಿ ಓದಿ ಹೇಳು.

ಅಪ್ಪ, ನಾಯಿ, ಬೆಕ್ಕಿನ ಆಹಾರ ಮಾಡುವ ಈ ಫ್ಯಾಕ್ಟರಿಗೆ ಬಂದ ಮೊದಲ ದಿನ ನನಗೆ ಗುರುತು ಸಿಕ್ಕಿದ್ದು ಒಂದೇ ವಸ್ತು. ನುಚ್ಚು. ಲಾರಿಯಿಂದ ಸುರಿಯುತ್ತಿತ್ತು. ಕಾರಟಗಿಯಲ್ಲಿ ನಿಮ್ಮ ಅಕ್ಕಿ ಮಿಲ್ಲಿನ ಜರಡಿ ಕೆಳಗೆ ಬೀಳುತ್ತದಲ್ಲ, ಅದೇ. ಧೂಳಿನ ವಾಸನೆಯೂ ಅದೇ. ಒಂದು ಹಿಡಿ ತೆಗೆದುಕೊಂಡು ಮೂಸಿ ನೋಡಿದೆ. ಪಕ್ಕದವನು ಇವನಿಗೇನಾಯಿತು ಅನ್ನೋ ಹಾಗೆ ನೋಡಿದ.

ನುಚ್ಚಿನ ಜೊತೆ ಮೆಕ್ಕೆಜೋಳ, ಬಟಾಣಿ ಬರುತ್ತವೆ. ಮೆಕ್ಕೆಜೋಳದ ಲಾರಿಯನ್ನು ಸುಮ್ನೆ ಒಳಗೆ ಬಿಡುವುದಿಲ್ಲ. ಗೇಟಿನಲ್ಲೇ ಸ್ಯಾಂಪಲ್ ತೆಗೆದು ಅಫ್ಲಾಟಾಕ್ಸಿನ್ ಇದೆಯಾ ನೋಡುತ್ತಾರೆ. ಶೇಂಗಾಕ್ಕೆ ಬೂಸ್ಟು ಹಿಡಿದಾಗ ಹುಟ್ಟುವ ವಿಷವೇ ಅದು. ನೂರು ಕೋಟಿ ಭಾಗದಲ್ಲಿ 20 ಭಾಗ ದಾಟಿದರೆ ಲಾರಿ ವಾಪಸ್. ಇಷ್ಟು ಭಯಕ್ಕೆ ಕಾರಣ ಇದೆ. 2007ರಲ್ಲಿ ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನಲ್ಲಿ ಪ್ರೋಟೀನ್ ಜಾಸ್ತಿ ಇದ್ದ ಹಾಗೆ ಕಾಣಲಿ ಅಂತ ಮೆಲಮೈನ್ ಅನ್ನೋ ಪ್ಲಾಸ್ಟಿಕ್ ಮಾಡುವ ರಾಸಾಯನಿಕ ಬೆರೆಸಿದ್ದರು. ಅದು ಬಿದ್ದ ಆಹಾರ ತಿಂದು, ಕಿಡ್ನಿ ಕೆಟ್ಟು ಎಷ್ಟೋ ನಾಯಿ, ಬೆಕ್ಕು ಸತ್ತವು. ನಮ್ಮ ಕಡೆ ಹಾಲಿಗೆ ಯೂರಿಯಾ ಬೆರೆಸುವ ಬುದ್ಧಿಯೇ.

ತಂಗಿ, ಮುಂದಿನ ನಾಲ್ಕು ಸಾಲು ಅವ್ವನಿಗೆ ಓದಬೇಡ. ಕೋಳಿ ಕೊಯ್ಯುವ ಕಡೆ ಉಳಿದ ಮಾಂಸ, ಮೂಳೆ, ಚರ್ಮವನ್ನು ಚೆನ್ನಾಗಿ ಬೇಯಿಸಿ, ಕೊಬ್ಬು ಹಿಂಡಿ ತೆಗೆದು, ಒಣಗಿಸಿ ಪುಡಿ ಮಾಡಿರುತ್ತಾರೆ. ನಮಗೆ ಬರುವುದು ಆ ಪುಡಿ. ಮೊದಲ ವಾರ ಮನೆಗೆ ಬಂದು ಎರಡೆರಡು ಸಲ ಸ್ನಾನ ಮಾಡುತ್ತಿದ್ದೆ. ಈಗ ಮೂಗಿಗೆ ರೂಢಿಯಾಗಿದೆ.

ಇಲ್ಲಿಂದ ಅವ್ವ ಕೇಳಬಹುದು. ಎಲ್ಲವನ್ನೂ ಹ್ಯಾಮರ್ ಮಿಲ್ಲಿನಲ್ಲಿ ಹಿಟ್ಟು ಮಾಡುತ್ತೇವೆ. ಹಿಟ್ಟು ನುಣ್ಣಗಿರಬೇಕು. ಒಂದು ದಪ್ಪ ಕಾಳು ಉಳಿದರೂ ಮುಂದೆ ಅಚ್ಚಿನ ತೂತಿಗೆ ಹೋಗಿ ಕೂರುತ್ತದೆ. ಆಮೇಲೆ ಹಬೆ, ಬಿಸಿನೀರು ಕೊಟ್ಟು ಕಲಸಿ ಎಕ್ಸ್‌ಟ್ರೂಡರಿಗೆ ಬಿಡುವುದು. ನನ್ನ ಕೆಲಸ ಅಲ್ಲೇ. ಶಾವಿಗೆ ಮಷೀನು ಒಂದು ಲಾರಿಯಷ್ಟು ದೊಡ್ಡದಾದರೆ ಹೇಗಿರುತ್ತೆ, ಹಾಗಿದೆ. ಒಳಗೆ ತಿರುಗುವ ಸ್ಕ್ರೂ, ತುದಿಯಲ್ಲಿ ತೂತಿನ ಬಿಲ್ಲೆ. ಒಳಗಿನ ಬಿಸಿ 120 ಡಿಗ್ರಿ ದಾಟುತ್ತದೆ. ಆದರೂ ಒತ್ತಡಕ್ಕೆ ನೀರು ಕುದಿಯಲ್ಲ. ಹಿಟ್ಟು ಬಿಲ್ಲೆ ದಾಟಿ ಹೊರಗೆ ಬಂದ ಕ್ಷಣ ಆ ನೀರೆಲ್ಲ ಒಮ್ಮೆಲೇ ಹಬೆಯಾಗಿ ಹಾರುತ್ತದೆ, ಹಿಟ್ಟು ಉಬ್ಬುತ್ತದೆ. ತಿರುಗುವ ಚಾಕು ಅಲ್ಲೇ ಚಕಚಕ ಕತ್ತರಿಸುತ್ತದೆ. ಮಂಡಾಳು ಭಟ್ಟಿಯಲ್ಲಿ ಅಕ್ಕಿ ಅರಳುವುದೂ ಹಬೆಯಿಂದಲೇ ಅಲ್ವಾ, ಇಲ್ಲಿ ಮರಳಿಲ್ಲ ಅಷ್ಟೇ. ತಂಗಿ, ನೀನು ತಿನ್ನುವ ಕುರ್ಕುರೆ ಕೂಡ ಇದೇ ಜಾತಿಯ ಮಷೀನಿನದು. ಬೇಜಾರಾಗಬೇಡ.

ಅರ್ಧ ಗಂಟೆಗೊಮ್ಮೆ ಒಂದು ಲೀಟರ್ ಡಬ್ಬಿ ತುಂಬಿ ತೂಗುತ್ತೇನೆ. ನಮ್ಮ ಲೈನಿನಲ್ಲಿ 380 ಗ್ರಾಂ ಆಸುಪಾಸು ಬರಬೇಕು. ಜಾಸ್ತಿ ಉಬ್ಬಿದರೆ ಹಗುರ ಆಗುತ್ತೆ. ತೂಕ ಸರಿ ಇದ್ದರೂ ಚೀಲದ ಬಾಯಿ ಮುಚ್ಚಲ್ಲ. ಕಡಿಮೆ ಉಬ್ಬಿದರೆ ಕಲ್ಲು.

ಅಪ್ಪ, ಈಗ ನಿಮಗೆ ಒಂದು ತಪ್ಪು ಒಪ್ಪಿಸಬೇಕು. ಡಿಸೆಂಬರಿನಲ್ಲಿ ಒಂದು ರಾತ್ರಿ ಚಾಕು ಮುರಿದ ಹಾಗೆ ಸದ್ದಾಯಿತು. ಗಾಬರಿಯಲ್ಲಿ ಮೋಟರ್ ಆಫ್ ಮಾಡಿಬಿಟ್ಟೆ. ಮೊದಲು ಹಿಟ್ಟು ನಿಲ್ಲಿಸಿ, ನೀರು ಹರಿಸಿ, ಒಳಗಿರುವುದನ್ನು ಹೊರಗೆ ತಳ್ಳಬೇಕಿತ್ತು. ಹತ್ತು ನಿಮಿಷದಲ್ಲಿ ಒಳಗೆಲ್ಲ ಸಿಮೆಂಟಿನ ಹಾಗೆ ಗಟ್ಟಿಯಾಯಿತು. ಬಿಲ್ಲೆ ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಬೆಳಗಿನ ಜಾವದವರೆಗೂ ಕೆತ್ತಿದೆ. ಸೂಪರ್‌ವೈಸರ್ ಬೈಯಲಿಲ್ಲ, ಸುಮ್ನೆ ಸ್ಪ್ಯಾನರ್ ಕೈಗೆ ಕೊಟ್ಟು ಪಕ್ಕದಲ್ಲೇ ಕೂತ. ಕೆತ್ತುವಾಗ ನಿಮ್ಮದೇ ಮಾತು. "ಎಲಿವೇಟರ್ ಖಾಲಿ ಆಗೋತನಕ ಸ್ವಿಚ್ಚಿಗೆ ಕೈ ಹಚ್ಚಬ್ಯಾಡ." ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಹಚ್ಚಿ ನಿಮ್ಮ ಕೈಯಲ್ಲಿ ಏಟು ತಿಂದಿದ್ದೆ, ನೆನಪಿದೆಯಾ? ಭತ್ತ ಮೇಲಕ್ಕೆ ಒಯ್ಯುವ ಆ ಎಲಿವೇಟರಿನ ತುಂಬಿದ ಬಕೆಟ್ಟುಗಳನ್ನು ಒಂದೊಂದಾಗಿ ಕೈಯಿಂದ ಖಾಲಿ ಮಾಡಿದ್ದೆವು.

ಉಬ್ಬಿದ ಕಾಳು ಆಮೇಲೆ ಡ್ರೈಯರಿಗೆ ಹೋಗುತ್ತದೆ. ನೀರಿನಂಶ 10 ಪರ್ಸೆಂಟಿಗಿಂತ ಕೆಳಗೆ ಇಳಿಯಬೇಕು, ಇಲ್ಲವೆಂದರೆ ಬೂಸ್ಟು. ಒಣಗಿದ ಮೇಲೆ ದೊಡ್ಡ ಡ್ರಮ್ಮಿನಲ್ಲಿ ತಿರುಗಿಸುತ್ತಾ ಬಿಸಿ ಕೊಬ್ಬು, ರುಚಿಯ ಪುಡಿ ಸಿಂಪಡಿಸುತ್ತಾರೆ. ಥೇಟ್ ಮಂಡಾಳು ಒಗ್ಗರಣೆ, ಮಿರ್ಚಿ ಒಂದೇ ಕಡಿಮೆ. ಕೊಬ್ಬನ್ನೆಲ್ಲ ಮೊದಲೇ ಹಿಟ್ಟಿಗೆ ಹಾಕಿದರೆ ಸ್ಕ್ರೂ ಜಾರುತ್ತದೆ, ಕಾಳು ಉಬ್ಬಲ್ಲ. ವಿಟಮಿನ್ ಒಂದಷ್ಟು ಬಿಸಿಗೆ ಹಾಳಾಗುತ್ತದೆ ಅಂತ ಮುಂಚೆಯೇ ಜಾಸ್ತಿ ಸೇರಿಸಿರುತ್ತಾರೆ. ಬೆಕ್ಕಿನದಾದರೆ ಟಾರಿನ್ ಅನ್ನೋ ಪೋಷಕಾಂಶ ಹಾಕಲೇಬೇಕು, ಅದಿಲ್ಲದೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ. ಕೊನೆಗೆ ಚೆನ್ನಾಗಿ ಆರಿಸಿ ಚೀಲಕ್ಕೆ ತುಂಬುತ್ತಾರೆ. ಬಿಸಿ ಇದ್ದಾಗಲೇ ತುಂಬಿದರೆ ಒಳಗೇ ಬೆವರುತ್ತದೆ.

ಅವ್ವ, ಇಷ್ಟು ಕೇಳಿ ಕರಿಯನಿಗೂ ಒಂದು ಚೀಲ ತರಿಸೋಣ ಅನ್ನಬೇಡ. ಒಂದು ಚೀಲಕ್ಕೆ ಕೊಡುವ ದುಡ್ಡಿನಲ್ಲಿ ನಿಮ್ಮ ಸಂತೆ ಆಗುತ್ತೆ. ನೀನು ಮಜ್ಜಿಗೆಯಲ್ಲಿ ನೆನೆಸಿ ಹಾಕುವ ರೊಟ್ಟಿ ತಿಂದೇ ಹತ್ತು ವರ್ಷ ಗಟ್ಟಿಯಾಗಿದ್ದಾನೆ. ಆಗಾಗ ಒಂದು ಬೇಯಿಸಿದ ಮೊಟ್ಟೆ ಹಾಕಿಸು. ನೀನು ಮುಟ್ಟಬೇಡ, ಪಕ್ಕದ ಮನೆ ಹುಡುಗನಿಗೆ ಹೇಳು. ಉಳ್ಳಾಗಡ್ಡಿ ಬಿದ್ದ ಪಲ್ಯ ಮಾತ್ರ ಹಾಕಬೇಡ, ನಾಯಿಯ ರಕ್ತ ಕೆಡುತ್ತದೆ.

ಅಪ್ಪ, ಮಿಲ್ಲಿನ ಹಳೇ ಎಲಿವೇಟರ್ ಬೆಲ್ಟ್ ಬದಲಿಸಿದರಾ? ಎರಡನೇ ಬೆಳೆಗೆ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದಾರಾ ಅನ್ನುವುದನ್ನೂ ತಿಳಿಸಿ. ಶನಿವಾರ ನನಗೆ ರಜೆ. ನಿಮ್ಮ ಸಂಜೆ ಹೊತ್ತಿಗೆ ಫೋನ್ ಮಾಡುತ್ತೇನೆ, ಅವ್ವನ ಕೈಗೇ ಕೊಡಿ.

ನಿಮ್ಮ ಮಗ