ಮೊದಲು ಎಲೆ ತೋರಿಸು

ರಾಯಚೂರು

ತಂಗೀ,

ನೀನು ಕಳಿಸಿದ್ದನ್ನೆಲ್ಲ ಓದಿದೆ. ಕಾರಹುಣ್ಣಿಮೆಗೆ ನಮ್ಮೂರಲ್ಲಿ ನಡೆಯುವ ಎತ್ತುಗಳ ಕಲ್ಲು ಎಳೆಯುವ ಪಂದ್ಯದ ಮೇಲೆ ಬರೆದದ್ದು ಚಲೋ ಇದೆ. ಆದರೆ ನಗು ಬರಬೇಕಾದ ಕಡೆ ಬರಲಿಲ್ಲ.

ಆಟದ ಮೇಲೆ ನಗೆಬರಹ ಬರೆದು ಹೊಟ್ಟೆ ತುಂಬುತ್ತದಾ ಅಂತ ಕೇಳಿದ್ದೀಯ. ತುಂಬಿಸಿಕೊಂಡವನೊಬ್ಬನಿದ್ದಾನೆ, ಅಮೆರಿಕದ ನಾರ್ಮನ್ ಚಾಡ್. ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದು ಬೆಳೆದವನು. ಅವನ ಅಂಕಣದ ಹೆಸರು 'ಕೌಚ್ ಸ್ಲೌಚ್'. ಸೋಫಾದ ಮೇಲೆ ಬಿದ್ದುಕೊಂಡು ಟಿವಿಯಲ್ಲಿ ಆಟ ನೋಡುವ ಸೋಮಾರಿಯ ವೇಷ. ಓದುಗರ ಪ್ರಶ್ನೆ ಅಂಕಣದಲ್ಲಿ ಅಚ್ಚಾದರೆ 1.25 ಡಾಲರ್ ನಗದು ಬಹುಮಾನ ಕೊಡುತ್ತಿದ್ದ! ಬರೀ ಒಂದು ಡಾಲರ್ ಅಂದಿದ್ದರೆ ಜಿಪುಣತನ, ನೂರು ಅಂದಿದ್ದರೆ ಜಾಹೀರಾತು. ಮೇಲಿನ ಆ ಇಪ್ಪತ್ತೈದು ಸೆಂಟೇ ನಗಿಸುವುದು.

ಅವನನ್ನು ಮನೆಮನೆಗೆ ಮುಟ್ಟಿಸಿದ್ದು ಮಾತ್ರ ಇಸ್ಪೀಟು. ನಮ್ಮ ಕಡೆ ಇಸ್ಪೀಟಿಗೆ ಕ್ರೀಡಾಪುಟದಲ್ಲಿ ಜಾಗವಿಲ್ಲ, ಅಪರಾಧ ಸುದ್ದಿಯಲ್ಲಿ ಉಂಟು: ಇಷ್ಟು ಮಂದಿಯ ಬಂಧನ, ಇಷ್ಟು ರೂಪಾಯಿ ಜಪ್ತಿ, ಜತೆಗೆ 52 ಎಲೆ. ಅಲ್ಲಿ 2003ರಲ್ಲಿ ಇಎಸ್‌ಪಿಎನ್ ಚಾನೆಲ್ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ (ಪೋಕರ್ ಅಂದರೆ ದುಡ್ಡು ಕಟ್ಟಿ ಆಡುವ ಇಸ್ಪೀಟಾಟ) ತೋರಿಸುವಾಗ ವೀಕ್ಷಕ ವಿವರಣೆಗಾರ ಲಾನ್ ಮೆಕ್‌ಈಚರ್ನ್ ಪಕ್ಕಕ್ಕೆ ಚಾಡ್‌ನನ್ನು ಕೂರಿಸಿತು. ಆತ ಆಟ ಹೇಳುತ್ತಾನೆ, ಈತ ಕಾಲೆಳೆಯುತ್ತಾನೆ.

ಪೋಕರ್‌ನಲ್ಲಿ ನೋಡಲಿಕ್ಕೆ ಏನಿದೆ ಹೇಳು? ಒಂದಷ್ಟು ಮಂದಿ ಕಪ್ಪು ಕನ್ನಡಕ ಹಾಕಿಕೊಂಡು ಮಾತಿಲ್ಲದೆ ಕೂತಿರುತ್ತಾರೆ, ಎಲೆಗಳು ಬೋರಲು. ಹೆನ್ರಿ ಓರೆನ್‌ಸ್ಟೀನ್ ಅಂತ ಒಬ್ಬ ಆಟಿಕೆ ಉದ್ಯಮಿ, ಮೇಜಿಗೇ ಕ್ಯಾಮೆರಾ ಇಟ್ಟು ಆ ಬೋರಲೆಲೆ ತೋರಿಸುವ ಉಪಾಯಕ್ಕೆ ಪೇಟೆಂಟ್ ಮಾಡಿಸಿದ. ಅಲ್ಲಿಂದ ಮುಂದೆ, ಮನೆಯಲ್ಲಿ ಚಹಾ ಕುಡಿಯುತ್ತ ಕೂತವನಿಗೆ ಎಲ್ಲರ ಎಲೆಯೂ ಗೊತ್ತು, ದುಡ್ಡು ಕಟ್ಟಿ ಕೂತವನಿಗೆ ಎದುರಾಳಿಯದು ಗೊತ್ತಿಲ್ಲ. ಚಾಡ್‌ನ ಅಷ್ಟೂ ಹಾಸ್ಯ ಹುಟ್ಟಿದ್ದು ಆ ಸಂದಿನಲ್ಲಿ.

ಆ ವರ್ಷ ಮುಖ್ಯ ಪಂದ್ಯಕ್ಕೆ 839 ಮಂದಿ, ಪ್ರವೇಶಕ್ಕೆ ತಲೆಗೆ 10,000 ಡಾಲರ್. ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ (ಹೆಸರು ನಿಜವಾದದ್ದೇ, ಚಾಡ್ ಕಟ್ಟಿದ್ದಲ್ಲ!) ಆನ್‌ಲೈನ್‌ನಲ್ಲಿ 86 ಡಾಲರ್ ಪಂದ್ಯ ಆಡಿ ಒಳಗೆ ಬಂದಿದ್ದ. ಕೊನೆಗೆ ಉಳಿದವರು ಅವನು ಮತ್ತು ಸ್ಯಾಮಿ ಫಾರ್ಹಾ. ಫಾರ್ಹಾ ಹತ್ತಿರ ಒಂಬತ್ತರ ಜೋಡಿ. ಮನಿಮೇಕರ್ ಕೈಯಲ್ಲಿ ಏನೇನೂ ಇಲ್ಲ, ಆದರೂ ಇದ್ದಷ್ಟೂ ಚಿಪ್ಸ್ (ಪಣಕ್ಕಿಡುವ ಬಿಲ್ಲೆ) ಮುಂದಕ್ಕೆ ತಳ್ಳಿದ. ಫಾರ್ಹಾ ಯೋಚನೆ ಮಾಡಿ ಮಾಡಿ, ಗೆಲ್ಲುವ ಕೈ ಇದ್ದೂ ಹೆದರಿ ಎಲೆ ಎಸೆದು ಆ ಸುತ್ತು ಬಿಟ್ಟುಕೊಟ್ಟ. ಆಗ ಚಾಡ್ ಅಂದ: ಶತಮಾನ ಈಗಷ್ಟೇ ಶುರುವಾಗಿದೆ, ಗೊತ್ತು, ಆದರೂ ಇದು ಶತಮಾನದ ಬ್ಲಫ್ (ಕೈಯಲ್ಲಿಲ್ಲದ್ದನ್ನು ಇದೆ ಅಂತ ನಂಬಿಸುವುದು). ಅರ್ಧ ತಮಾಷೆ, ಅರ್ಧ ತೀರ್ಪು. ತೀರ್ಪು ನಿಂತಿತು: ಮನಿಮೇಕರ್ ಗೆದ್ದು 25 ಲಕ್ಷ ಡಾಲರ್ ಒಯ್ದ, ಮರುವರ್ಷ ಆಟಗಾರರು 2,576 ಆದರು. ಇನ್ನೊಂದು ಗುಟ್ಟು ಕೇಳು. ಈ ಮಾತುಗಳನ್ನು ಧ್ವನಿಮುದ್ರಿಸುತ್ತಿದ್ದದ್ದು ಆಟ ಮುಗಿದು, ಸಂಕಲನವಾದ ಮೇಲೆ. ಗೆದ್ದವನ್ಯಾರು ಅಂತ ಗೊತ್ತಿದ್ದೂ ಈಗಲೇ ಕಂಡವನ ಹಾಗೆ ಮಾತಾಡಬೇಕು. ನೀನೂ ಪಂದ್ಯ ಮುಗಿದ ಮೇಲೆಯೇ ಬರೆಯುವವಳು.

ಈಗ ನಿನ್ನ ಎತ್ತುಗಳಿಗೆ ಬಾ. ರೈತನ ಮೀಸೆ, ರುಮಾಲು, ಮೈಕಿನವನ ಕೆಮ್ಮು, ಎಲ್ಲದರ ಮೇಲೂ ಜೋಕು ಹಾಕಿದ್ದೀಯ. ಕಲ್ಲು ಎಷ್ಟು ಟನ್, ವೇಳೆ ಎಷ್ಟು ಉಳಿದಿತ್ತು, ಹಿಂದಿನ ಜೋಡಿ ಎಷ್ಟು ದೂರ ಎಳೆದಿತ್ತು, ಒಂದೂ ಹೇಳಿಲ್ಲ. ಓದುವವನಿಗೆ ನೀನು ಎಲೆಯನ್ನೇ ತೋರಿಸಲಿಲ್ಲ. ತೆಲಂಗಾಣದ ಜೋಡಿಯನ್ನು ಮೀರಲು ಇವನಿಗೆ ಇನ್ನು ಹತ್ತೇ ಅಡಿ ಬೇಕು, ಉಳಿದದ್ದು ಒಂದೇ ನಿಮಿಷ, ಎಡಗಡೆಯ ಎತ್ತು ನಿಂತು ಆರಾಮಾಗಿ ಸೆಗಣಿ ಹಾಕುತ್ತಿದೆ. ಇಷ್ಟು ಬರೆದಿದ್ದರೆ ಬೇರೆ ಜೋಕು ಯಾಕೆ ಬೇಕಿತ್ತು?

ರುಮಾಲಿನ ಜೋಕು ತೆಗೆದುಬಿಡು. ಆತ ಎತ್ತು ಸಾಕಿ, ಲಾರಿ ಬಾಡಿಗೆ ಕೊಟ್ಟು ಬಂದು ಸೋತವನು. ಚಾಡ್ ಗೇಲಿ ಮಾಡುವುದು ಹೆಚ್ಚಾಗಿ ತನ್ನನ್ನೇ. ಮಾಜಿ ಹೆಂಡತಿಯರ ಮೇಲೆ ಅವನು ಮತ್ತೆ ಮತ್ತೆ ಹಾಕುವ ಜೋಕು ನನಗೆ ಸೇರುವುದಿಲ್ಲ, ಅದನ್ನು ಕಲಿಯಬೇಡ.

ನೌಕರಿ ಬಿಡಲಾ ಅಂದಿದ್ದೀಯ. ಬೇಡ. ನಮ್ಮ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ, ಪೊಲೀಸ್ ಇಲಾಖೆಯ ಕೆಲಸ ಮಾಡುತ್ತಲೇ ನಾಡನ್ನು ನಗಿಸಿದವರು. ಇಲ್ಲಿ ಅಂಕಣಕ್ಕೆ ಸಿಗುವ ಸಂಭಾವನೆ ಚಾಡ್‌ನ ಬಹುಮಾನದ ಆಸುಪಾಸಿನದು.

ಬರುವ ಕಾರಹುಣ್ಣಿಮೆಗೆ ಪ್ರೇಕ್ಷಕರ ನಡುವೆ ನಿಲ್ಲಬೇಡ, ಕನ್ನಡ ತೆಲುಗು ಕಲಸಿ ಕೂಗುವ ಆ ಮೈಕಿನವನ ಪಕ್ಕಕ್ಕೆ ಹೋಗಿ ಕೂಡು. ಅಳತೆ ಟೇಪು ಹಿಡಿದವನ ಫೋನ್ ನಂಬರೂ ತಗೋ, ರಾತ್ರಿ ಬರೆಯುವಾಗ ಬೇಕಾಗುತ್ತದೆ.

ಇಂತಿ,
ನಿನ್ನ ಅಣ್ಣ