ಏಪ್ರಿಲ್‌ವರೆಗೆ ಕಾಯ್ಬೇಡ ಮಾರಾಯ

ಪ್ರೀತಿಯ ಸತೀಶ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಕೆಳಗಿನ ದವಡೆ ಹಲ್ಲು ರಾತ್ರಿ ಮಲಗ್ಲಿಕ್ಕೆ ಬಿಡುದಿಲ್ಲ, ಬರುವ ವಾರ ನೀರ್ಚಾಲಿನ ಹುಡುಗ ಶಾರ್ಜಾಕ್ಕೆ ಬರ್ತಾನಲ್ಲ ಅವನ ಕೈಯಲ್ಲಿ ಆಂಟಿಬಯಾಟಿಕ್ ಒಂದೆರಡು ಸ್ಟ್ರಿಪ್ಪು, ಮತ್ತೆ ಒಳ್ಳೆ ಪವರಿನ ನೋವಿನ ಮಾತ್ರೆ ಕಳಿಸು, ಏಪ್ರಿಲ್‌ನಲ್ಲಿ ಊರಿಗೆ ಬಂದು ಎಲ್ಲ ಒಟ್ಟಿಗೆ ಮಾಡಿಸ್ತೇನೆ ಅಂತ ಹೇಳಿದ್ದಿ. ಮಾತ್ರೆ ನಾನು ಕಳಿಸುದಿಲ್ಲ. ಬೇಜಾರು ಮಾಡ್ಬೇಡ. ಯಾಕೆ ಅಂತ ಫೋನಲ್ಲಿ ಹೇಳ್ಲಿಕ್ಕೆ ಹೋದ್ರೆ ನೀನು ಅರ್ಧದಲ್ಲಿ ‘ಆಯ್ತಾಯ್ತು’ ಅಂತ ಇಟ್ಟುಬಿಡ್ತಿ, ಅದಕ್ಕೆ ಬರೀತಾ ಇದ್ದೇನೆ, ಮತ್ತೆ ನಾಲ್ಕು ಜನ ಓದ್ಲಿ ಅಂತಲೇ ಇಲ್ಲಿ ಹಾಕ್ತಾ ಇದ್ದೇನೆ. ನಮ್ಮ ಕಾಸರಗೋಡಿನ ಬದಿಯಲ್ಲಿ ಕುಂಬಳೆಯಿಂದ ಪೆರ್ಲದವರೆಗೆ ಗಲ್ಫಿನಲ್ಲಿ ಒಬ್ಬರಾದ್ರೂ ಇಲ್ಲದ ಕುಟುಂಬ ಕಡಿಮೆ, ಹಲ್ಲಿನ ವಿಷಯ ಬಂದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಊರಿಗೆ ಬಂದಾಗ ನೋಡುವ’. ಆ ಮಾತು ನನಗೆ ಈಗ ಕೇಳಿದ್ರೇ ಹೆದರಿಕೆ ಆಗ್ತದೆ.

ಮೊದಲು ಮಾತ್ರೆ ವಿಷಯ. ಪವರಿನ ಮಾತ್ರೆ ಅಂತ ನೀನು ಹೇಳುದರಲ್ಲಿ ಟ್ರಮಡಾಲ್ ಇರುವಂಥದ್ದು, ಕೊಡೀನ್ ಇರುವಂಥದ್ದು ಎಲ್ಲ ಬರ್ತದೆ. ಯುಎಇಯಲ್ಲಿ ಅವು ಕಂಟ್ರೋಲ್ಡ್ ಮದ್ದುಗಳು, ಸ್ವಂತಕ್ಕೆ ತರುವವರಿಗೂ ಡಾಕ್ಟ್ರ ಚೀಟಿ ಬೇಕು, ಅಲ್ಲಿಯ ಸರಕಾರದಿಂದ ಮೊದಲೇ ಪರ್ಮಿಶನ್ ತಗೊಂಡಿರ್ಬೇಕು. ಬೇರೆಯವರಿಗೆ ಅಂತ ಬ್ಯಾಗಿನಲ್ಲಿ ಹಾಕಿಕೊಂಡು ಬರುವ ಹುಡುಗ ಏರ್‌ಪೋರ್ಟಿನಲ್ಲಿ ಎಂತ ಹೇಳ್ಬೇಕು? ಮೊದಲ ಸಲ ಗಲ್ಫಿಗೆ ಹೋಗುವವನು ಅವನು, ಅವನ ಅಪ್ಪ ಅಡಕೆ ತೋಟ ಅಡವಿಟ್ಟು ಕಳಿಸ್ತಾ ಇದ್ದಾರೆ. ನಿನ್ನ ಹಲ್ಲಿಗೋಸ್ಕರ ಅವನನ್ನು ಅಲ್ಲಿ ನಿಲ್ಲಿಸುದು ಬೇಡ.

ಆಂಟಿಬಯಾಟಿಕ್ ಕೂಡ ಅಷ್ಟೆ. ಹಲ್ಲಿನ ಒಳಗೆ ನರ ಸತ್ತು ಕೀವು ಆಗಿದ್ರೆ ಮಾತ್ರೆಯಿಂದ ಬಾವು ನಾಲ್ಕು ದಿನಕ್ಕೆ ಇಳಿದ ಹಾಗೆ ಕಾಣ್ತದೆ, ಆದ್ರೆ ರೋಗದ ಬೇರು ಅಲ್ಲೇ ಇರ್ತದೆ. ಬಾವಿಯಲ್ಲಿ ಇಲಿ ಸತ್ತು ಬಿದ್ದಿರುವಾಗ ಅದನ್ನು ಎತ್ತದೆ ಬ್ಲೀಚಿಂಗ್ ಪೌಡರ್ ಹಾಕ್ತಾ ಇದ್ದ ಹಾಗೆ ಅದು. ಒಂದೋ ಹಲ್ಲು ಓಪನ್ ಮಾಡಿ ಒಳಗಿನದ್ದು ತೆಗೀಬೇಕು (ರೂಟ್ ಕೆನಾಲ್ ಅಂದ್ರೆ ಅದೇ), ಇಲ್ಲದಿದ್ರೆ ಹಲ್ಲೇ ಕೀಳ್ಬೇಕು, ಮೂರನೇ ದಾರಿ ಇಲ್ಲ. ಡಾಕ್ಟ್ರ ಹತ್ರ ಹೋಗುವವರೆಗೆ ನೋವಿಗೆ ಪ್ಯಾರಸಿಟಮಾಲ್ ಮತ್ತೆ ಐಬುಪ್ರೊಫೆನ್ ಎರಡನ್ನೂ ಅಲ್ಲಿಯ ಫಾರ್ಮಸಿಯಲ್ಲೇ ಕೇಳಿ ತಗೊ, ಪ್ಯಾಕೆಟಿನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಬೇಡ, ನಿನಗೆ ಗ್ಯಾಸ್ಟ್ರಿಕ್ ಉಂಟಲ್ಲ ಹಾಗಾಗಿ ಐಬುಪ್ರೊಫೆನ್ ಕೊಡುವ ಮೊದಲು ಅದನ್ನು ಫಾರ್ಮಸಿಸ್ಟಿಗೆ ಹೇಳು.

ನಾವು ಶಾರ್ಜಾದ ರೋಲಾದಲ್ಲಿ ಒಂದೇ ರೂಮಿನಲ್ಲಿದ್ದಾಗ ಆ ಕಣ್ಣೂರಿನ ಇಕ್ಕ (ಮಲಯಾಳದಲ್ಲಿ ಅಣ್ಣ ಅಂತ) ಇದ್ದದ್ದು ನಿನಗೆ ನೆನಪುಂಟಲ್ಲ? ನೀನು ಆಗ ರಜೆಗೆ ಊರಿಗೆ ಹೋಗಿದ್ದಿ, ಹಾಗಾಗಿ ಪೂರಾ ಗೊತ್ತಿರ್ಲಿಕ್ಕಿಲ್ಲ. ಅವರಿಗೂ ಕೆಳಗಿನ ದವಡೆ ಹಲ್ಲೇ. ನೋವು ಬಂದಾಗ ಮಾತ್ರೆ, ಹೋದಾಗ ಮರೆತುಬಿಡುದು, ಹೀಗೇ ತಿಂಗಳುಗಟ್ಟಲೆ. ಒಂದು ದಿನ ಡ್ಯೂಟಿ ಮುಗಿಸಿ ಬರುವಾಗ ಗಲ್ಲ ಸ್ವಲ್ಪ ಊದಿತ್ತು ಅಷ್ಟೆ, ಗಂಜಿ ಕುಡಿದು ಮಲಗಿದ್ರು. ನಡುರಾತ್ರಿ ನಾನು ಎದ್ದು ನೋಡುವಾಗ ಇಕ್ಕ ಮಂಚದಲ್ಲಿ ಕೂತಿದ್ರು, ಮಲಗಿದ್ರೆ ಉಸಿರು ಸಿಗುದಿಲ್ಲ ಅಂತ ಕೈಸನ್ನೆಯಲ್ಲಿ ಹೇಳ್ತಾ ಇದ್ರು, ಮಾತು ಹೊರಡುದಿಲ್ಲ, ಉಗುಳು ನುಂಗ್ಲಿಕ್ಕೆ ಆಗದೆ ಜೊಲ್ಲು ತೋರ್ತಿನಲ್ಲಿ ಒರೆಸಿಕೊಳ್ತಾ ಇದ್ರು, ಗಲ್ಲದ ಅಡಿ ಮುಟ್ಟಿದ್ರೆ ಕಲ್ಲಿನ ಹಾಗೆ ಗಟ್ಟಿ. ಎಮರ್ಜೆನ್ಸಿಯಲ್ಲಿ ಡಾಕ್ಟ್ರು ನೋಡಿದ ಕೂಡ್ಲೇ ಒಳಗೆ ಓಡಿಸಿದ್ರು. ಹೊರಗಿನಿಂದ ಕೊರಳಿನ ಹತ್ರ ಕೊಯ್ದು ಟ್ಯೂಬ್ ಇಟ್ಟು ಕೀವು ತೆಗೆದದ್ದು. ಲುಡ್ವಿಗ್ಸ್ ಆಂಜೈನಾ ಅಂತ ಹೆಸರು ಅದಕ್ಕೆ, ಕೆಳಗಿನ ದವಡೆ ಹಲ್ಲಿನ ಸೋಂಕು ನಾಲಿಗೆಯ ಅಡಿಗೆ ಇಳಿದು ಉಸಿರಿನ ದಾರಿಯನ್ನೇ ಮುಚ್ಚುದು. ಇಕ್ಕ ಬದುಕಿದ್ರು. ನಿನಗೆ ಬಾಯಿ ಸರಿಯಾಗಿ ತೆರೀಲಿಕ್ಕೆ ಆಗದಿದ್ರೆ, ನುಂಗ್ಲಿಕ್ಕೆ ಕಷ್ಟ ಆದ್ರೆ, ಜ್ವರದೊಟ್ಟಿಗೆ ಊತ ಗಲ್ಲದ ಅಡಿಗೋ ಕಣ್ಣಿನ ಕಡೆಗೋ ಹರಡಿದ್ರೆ ಆಗ ಹಲ್ಲಿನ ಕ್ಲಿನಿಕ್ ಹುಡುಕ್ತಾ ಕೂರ್ಬೇಡ, ಸೀದಾ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು, 998ಕ್ಕೆ ಫೋನ್ ಮಾಡಿದ್ರೆ ಆಂಬುಲೆನ್ಸ್ ಬರ್ತದೆ.

ಅಲ್ಲಿ ರೇಟು ಜಾಸ್ತಿ ಅಂತ ನೀನು ಹೇಳುದು ಸುಳ್ಳಲ್ಲ. ಪ್ರೈವೇಟ್ ಕ್ಲಿನಿಕ್ಕಿನಲ್ಲಿ ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಸಾವಿರ ದಿರ್ಹಮ್ ದಾಟುದು ಸಾಮಾನ್ಯ, ಹಲ್ಲಿನ ಮೇಲೆ ಕೂರಿಸುವ ಕ್ಯಾಪಿನ ಹಣ ಅದರ ಮೇಲೆ ಬೇರೆ. ಆದ್ರೆ ಶಾರ್ಜಾದಲ್ಲೇ ಯುನಿವರ್ಸಿಟಿ ಸಿಟಿಯಲ್ಲಿ ಶಾರ್ಜಾ ವಿಶ್ವವಿದ್ಯಾಲಯದ ಡೆಂಟಲ್ ಆಸ್ಪತ್ರೆ ಉಂಟು, ಪಕ್ಕದ ಅಜ್ಮಾನ್ ಯುನಿವರ್ಸಿಟಿಯಲ್ಲೂ ಡೆಂಟಲ್ ಕಾಲೇಜಿನ ಕ್ಲಿನಿಕ್ ಉಂಟು. ಅಲ್ಲೆಲ್ಲ ಸ್ಟೂಡೆಂಟ್ಸ್ ಮಾಡ್ತಾರೆ, ಮೇಲಿನಿಂದ ಪ್ರೊಫೆಸರ್‌ಗಳು ನೋಡಿಕೊಳ್ತಾರೆ, ಸಮಯ ಹಿಡೀತದೆ, ಹಣ ಕಡಿಮೆ ಆಗ್ತದೆ. ಮೊದಲು ಅಲ್ಲಿ ಕೇಳು. ಬೇರೆ ಕ್ಲಿನಿಕ್ಕಿಗೆ ಹೋಗುದಾದ್ರೆ ಕೂಡ ಕುರ್ಚಿಯಲ್ಲಿ ಕೂರುವ ಮೊದಲು ಎಸ್ಟಿಮೇಟ್ ಬರೆದು ಕೊಡ್ಲಿಕ್ಕೆ ಹೇಳು, ಎಕ್ಸ್‌ರೇ ಸೇರಿ ಎಷ್ಟು, ಒಳಗೆ ಫಿಲ್ಲಿಂಗ್ ಸೇರಿ ಎಷ್ಟು, ಎಷ್ಟು ಸಿಟ್ಟಿಂಗ್, ಎಲ್ಲ. ಎರಡು ಕಡೆ ಕೇಳ್ಲಿಕ್ಕೆ ನಾಚಿಕೆ ಬೇಡ. ಅಲ್ಲಿ ನಮ್ಮ ಮಂಗಳೂರಿನಲ್ಲಿ ಓದಿದ ಡಾಕ್ಟ್ರುಗಳೂ ಸಿಗ್ತಾರೆ, ಕನ್ನಡದಲ್ಲೋ ತುಳುವಿನಲ್ಲೋ ನೋವು ಎಲ್ಲಿ ಹೇಗೆ ಅಂತ ಬಿಡಿಸಿ ಹೇಳ್ಬಹುದು, ಅದೇ ಒಂದು ದೊಡ್ಡ ಸಮಾಧಾನ.

ಮತ್ತೆ ಇನ್ಶೂರೆನ್ಸ್. ದುಬೈ, ಅಬುಧಾಬಿಯಲ್ಲಿ ಮೊದಲೇ ಇತ್ತು, 2025ರ ಜನವರಿ 1ರಿಂದ ಶಾರ್ಜಾ ಕಡೆಯ ಕಂಪೆನಿಗಳಿಗೂ ಕಡ್ಡಾಯ ಆಗಿದೆ, ವೀಸಾ ಮಾಡುವಾಗ, ರಿನ್ಯೂ ಮಾಡುವಾಗ ಕಂಪೆನಿಯೇ ಕಟ್ಬೇಕು, ಆಗ ಬೇಸಿಕ್ ಪಾಲಿಸಿ ವರ್ಷಕ್ಕೆ 320 ದಿರ್ಹಮ್‌ನಿಂದ ಶುರು ಇತ್ತು. ಬೇಸಿಕ್ ಪಾಲಿಸಿಗಳಲ್ಲಿ ಹಲ್ಲು ಸಾಮಾನ್ಯವಾಗಿ ಹೊರಗೇ ಇರ್ತದೆ, ಆದ್ರೆ ಎಮರ್ಜೆನ್ಸಿಗೆ ಉಂಟು ಅಂತ ಒಂದು ಸಾಲು ಇದ್ರೂ ಇರಬಹುದು. ಕಾರ್ಡ್ ನೋಡಿದ್ರೆ ಗೊತ್ತಾಗ್ಲಿಕ್ಕಿಲ್ಲ, ಎಂತದಕ್ಕೆ ಎಷ್ಟು ಸಿಗ್ತದೆ ಅಂತ ಬರೆದ ಟೇಬಲ್ ಆಫ್ ಬೆನಿಫಿಟ್ಸ್ ಅಂತ ಒಂದು ಹಾಳೆ ಇರ್ತದೆ, ಎಚ್‌ಆರ್‌ನವರ ಹತ್ರ ಅದನ್ನು ಕೇಳಿ ತಗೊ. ಕೇಳುದು ನಿನ್ನ ಹಕ್ಕು.

ಈಗ ಯಾವುದು ಅಲ್ಲಿ, ಯಾವುದು ಇಲ್ಲಿ ಅಂತ ನನ್ನ ಲೆಕ್ಕ ಹೇಳ್ತೇನೆ. ನೋವು, ಕೀವು, ಊತ, ಇದೆಲ್ಲ ನೀನು ಇರುವಲ್ಲೇ, ಈ ವಾರವೇ. ರೂಟ್ ಕೆನಾಲ್ ಪೂರಾ ಅಲ್ಲೇ ಮುಗಿದ್ರೆ ಒಳ್ಳೇದು, ಹಣ ಒದಗದಿದ್ರೆ ಹಲ್ಲು ಓಪನ್ ಮಾಡಿ ಕ್ಲೀನ್ ಮಾಡಿ ಒಳಗೆ ಮದ್ದು ಇಟ್ಟು ಟೆಂಪರರಿ ಫಿಲ್ಲಿಂಗ್ ಹಾಕ್ತಾರೆ, ನೋವು ಹೋಗ್ತದೆ, ಆದ್ರೆ ಅದು ಕೆಲವು ವಾರಕ್ಕೆ ಇರುವಂಥದ್ದು, ಏಪ್ರಿಲ್‌ವರೆಗೆ ಹೇಗೆ ಅಂತ ಡಾಕ್ಟ್ರನ್ನೇ ಕೇಳಿ ಮಧ್ಯದಲ್ಲಿ ಒಮ್ಮೆ ಹೋಗಿ ತೋರಿಸು. ಕ್ಯಾಪ್ ಇಲ್ಲಿ ಹಾಕಿಸುವ. ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕದೆ ವರ್ಷಗಟ್ಟಲೆ ಬಿಟ್ರೆ ಒಂದು ದಿನ ಅಡಕೆ ಜಗಿಯುವಾಗ ಸೀಳಿಹೋಗುದೂ ಉಂಟು, ಆಮೇಲೆ ಹೆಚ್ಚಾಗಿ ಕೀಳುದೇ. ಹಾಗಾಗಿ ಆ ಬದಿಯಲ್ಲಿ ಗಟ್ಟಿ ತಿನ್ಬೇಡ, ಎಲೆಅಡಕೆ ಅಂತೂ ಪೂರಾ ಬಿಡು.

ನಿನಗೆ ಮೇಲೆ ಒಂದು ಹಲ್ಲು ಇಲ್ಲ ಅಲ್ವಾ, ಅಲ್ಲಿಗೆ ಇಂಪ್ಲಾಂಟ್ ಮಾಡಿಸ್ಬೇಕು ಅಂತ ಹೇಳ್ತಿದ್ದಿ. ಅದು ಒಂದು ರಜೆಯಲ್ಲಿ ಮುಗಿಯುವ ಕೆಲಸ ಅಂತ ಇಟ್ಟುಕೊಳ್ಬೇಡ. ಟೈಟೇನಿಯಂ ಸ್ಕ್ರೂ ಎಲುಬಿಗೆ ಹಿಡ್ಕೊಳ್ಳಿಕ್ಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಆಮೇಲೆ ಅದರ ಮೇಲೆ ಹಲ್ಲು. ಈ ಏಪ್ರಿಲ್‌ನಲ್ಲಿ ಸ್ಕ್ರೂ, ಮುಂದಿನ ರಜೆಯಲ್ಲಿ ಹಲ್ಲು, ಹಾಗೆ ಪ್ಲಾನ್ ಮಾಡುವ. ಒಂದು ಮಾತು ಮರೀಬೇಡ, ಇಂಪ್ಲಾಂಟಿನ ಕಂಪೆನಿ ಮತ್ತೆ ಸೈಜ್ ಬರೆದ ಸ್ಟಿಕ್ಕರು ಬರ್ತದೆ, ಅದನ್ನು ಪಾಸ್‌ಪೋರ್ಟಿನೊಟ್ಟಿಗೆ ಇಡು. ಒಂದು ಕಂಪೆನಿಯ ಪಾರ್ಟು ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುದಿಲ್ಲ, ಅಲ್ಲಿ ಲೂಸ್ ಆದ್ರೆ ಅಲ್ಲಿಯ ಡಾಕ್ಟ್ರಿಗೆ ಆ ಸ್ಟಿಕ್ಕರೇ ಗತಿ.

ಊರಿನಲ್ಲಿ ಎಲ್ಲ ಕಡೆ ಅಗ್ಗ, ಎಲ್ಲ ಕಡೆ ಒಳ್ಳೇದು ಅಂತ ಕೂಡ ತಿಳ್ಕೊಳ್ಬೇಡ. ಕುವೈಟಿನಿಂದ ರಜೆಗೆ ಬಂದ ನನ್ನ ಚಿಕ್ಕಪ್ಪನ ಮಗನಿಗೆ ಒಂದು ಕ್ಲಿನಿಕ್ಕಿನಲ್ಲಿ ಎರಡು ವಾರದಲ್ಲಿ ಎದುರಿನ ಹಲ್ಲೆಲ್ಲ ಕ್ಯಾಪ್ ಮಾಡಿ ಕೊಡ್ತೇವೆ ಅಂತ ಹೇಳಿ ಹುಳುಕು ಇಲ್ಲದ ಹಲ್ಲನ್ನೂ ತಿಕ್ಕಿ ಸಣ್ಣ ಮಾಡಿದ್ರು. ಹೋದ ಎನಾಮಲ್ ಮತ್ತೆ ಬೆಳೆಯುದಿಲ್ಲ. ಕುವೈಟಿಗೆ ವಾಪಸ್ ಹೋದ ಮೇಲೆ ಅವನಿಗೆ ತಣ್ಣೀರು ಕುಡೀಲಿಕ್ಕೆ ಆಗುದಿಲ್ಲ, ಎರಡು ಹಲ್ಲಿನ ನರ ಸತ್ತು ಅಲ್ಲಿಯೇ ರೂಟ್ ಕೆನಾಲ್ ಮಾಡಿಸ್ಬೇಕಾಯ್ತು, ಉಳಿಸಿದ ಹಣದ ದುಪ್ಪಟ್ಟು ಹೋಯ್ತು. ಗಲ್ಫಿನಿಂದ ಬಂದವನು, ರಜೆ ಕಡಿಮೆ, ಕೈಯಲ್ಲಿ ಹಣ ಉಂಟು ಅಂತ ಗೊತ್ತಾದ್ರೆ ಆಸೆ ಪಡುವವರು ಇರ್ತಾರೆ. ನನಗೆ ಅದರ ಸಿಟ್ಟು ಈಗ್ಲೂ ಹೋಗ್ಲಿಲ್ಲ.

ನಾನು ನಂಬುದು ಡೆಂಟಲ್ ಕಾಲೇಜುಗಳನ್ನು, ಅದೂ ನಮಗೆ ಸುತ್ತ ಎಷ್ಟುಂಟು ನೋಡು. ದೇರಳಕಟ್ಟೆಯಲ್ಲೇ ಎರಡು, ಎ.ಬಿ. ಶೆಟ್ಟಿ ಮತ್ತೆ ಯೇನೆಪೋಯ, ಮಂಗಳೂರಿನಲ್ಲಿ ಲೈಟ್‌ಹೌಸ್ ಹಿಲ್ಲಿನ ಮಣಿಪಾಲದವರದ್ದು, ಕುಂಟಿಕಾನದ ಎ.ಜೆ., ಈಚೆ ಸುಳ್ಯದಲ್ಲಿ ಕೆವಿಜಿ, ಕಾಸರಗೋಡಿನ ತೆಂಕು ಬದಿಗೆ ಪೊಯಿನಾಚಿಯಲ್ಲಿ ಸೆಂಚುರಿ. ನನ್ನ ಹಲ್ಲಿಗೆ ನಾನು ಹೋದದ್ದು ದೇರಳಕಟ್ಟೆಗೆ. ತೊಕ್ಕೊಟ್ಟಿನಲ್ಲಿ ಇಳಿದು ಬೇರೆ ಬಸ್ಸು ಹಿಡೀಬೇಕು, ಬೆಳಿಗ್ಗೆ ಬೇಗ ಹೋದ್ರೆ ಚೀಟಿ ಬೇಗ ಸಿಗ್ತದೆ. ಒಂದು ಹುಡುಗಿ, ಪಿಜಿ ಓದುವವಳು, ಹಲ್ಲಿನ ಸುತ್ತ ರಬ್ಬರಿನ ತೆಳು ಹಾಳೆ ಕಟ್ಟಿದ್ಳು, ಉಗುಳು ಒಳಗೆ ಹೋಗ್ಬಾರ್ದು ಅಂತ. ಒಂದೊಂದು ಸೂಜಿ ಹಾಕುವಾಗ್ಲೂ ಎಕ್ಸ್‌ರೇ ತೆಗೆದು ಎದ್ದು ಹೋಗಿ ಮೇಡಮ್‌ಗೆ ತೋರಿಸಿ, ಅವರು ಬಂದು ಬಗ್ಗಿ ನೋಡಿ ಕೇಸ್ ಶೀಟಿನಲ್ಲಿ ಸೈನ್ ಹಾಕಿದ ಮೇಲೆ ಮುಂದಿನ ಕೆಲಸ. ಬಾಯಿ ತೆರೆದು ತೆರೆದು ದವಡೆ ಬಚ್ಚಿತು, ಆದ್ರೆ ಇಷ್ಟು ಜಾಗ್ರತೆಯಲ್ಲಿ ಯಾರೂ ನನ್ನ ಬಾಯಿ ನೋಡಿರ್ಲಿಲ್ಲ. ಬಿಲ್ಲು ಕೆಲವು ಸಾವಿರ ರೂಪಾಯಿಯಲ್ಲಿ ಮುಗೀತು. ಆ ಹುಡುಗಿ ಎಲ್ಲಿದ್ರೂ ಚೆನ್ನಾಗಿರ್ಲಿ.

ಕಾಲೇಜಿಗೆ ಹೋಗುದಾದ್ರೆ ಸಮಯ ಬೇಕು, ಹಾಗಾಗಿ ಬಂದ ಮರುದಿನವೇ ಹೋಗುವ. ಮದುವೆ, ಕೋಲ, ನೆಂಟರ ಮನೆ ಎಲ್ಲ ಸುತ್ತಿ ಮುಗಿಸಿ ಕೊನೆಯ ವಾರ ಹಲ್ಲಿಗೆ ಹೊರಡುದು ನಮ್ಮವರ ಅಭ್ಯಾಸ. ಕೀಳುವ ಹಲ್ಲು ಇದ್ರೆ ಅದು ಮೊದಲು ಆಗ್ಬೇಕು, ಹಲ್ಲು ಕಿತ್ತ ಗುಳಿ ಒಣಗಿ ನೋವು ಶುರು ಆಗುದು ಸಾಮಾನ್ಯವಾಗಿ ಎರಡು ಮೂರು ದಿನ ಕಳೆದ ಮೇಲೆ, ಆಗ ನೀನು ಇಲ್ಲಿರ್ಬೇಕು, ಬಜ್ಪೆ ಏರ್‌ಪೋರ್ಟಿನ ಬೋರ್ಡಿಂಗ್ ಲೈನಿನಲ್ಲಿ ಅಲ್ಲ. ಕ್ಯಾಪಿಗೆ ಅಳತೆ ತೆಗೆದು ಲ್ಯಾಬಿನಿಂದ ಬರ್ಲಿಕ್ಕೆ ವಾರ ಹಿಡೀತದೆ, ಹಾಕಿದ ಮೇಲೆ ಕಚ್ಚುವಾಗ ಎತ್ತರ ಆದ್ರೆ ತಿಕ್ಕಿ ಸರಿ ಮಾಡ್ಲಿಕ್ಕೆ ಇನ್ನೊಂದು ಸಲ ಹೋಗ್ಲಿಕ್ಕೆ ದಿನ ಇಟ್ಟುಕೊ. ಹುಳುಕು ಹಲ್ಲು ಹಾಗೇ ಇಟ್ಟುಕೊಂಡು ವಿಮಾನ ಹತ್ತಿದ್ರೆ ಒಳಗೆ ಸಿಕ್ಕಿಕೊಂಡ ಗಾಳಿ ಪ್ರೆಶರ್ ಬದಲಾಗುವಾಗ ಹಿಗ್ಗಿ ಮೇಲೆ ಹೋದ ಮೇಲೆ ತಡೀಲಿಕ್ಕಾಗದ ನೋವು ಬರುದೂ ಉಂಟು, ಇದೂ ಈಗ್ಲೇ ತೋರಿಸ್ಲಿಕ್ಕೆ ಒಂದು ಕಾರಣ.

ನಿನ್ನ ತಂಗಿ ಅಮ್ಮನನ್ನು ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಕರೆಸ್ತಾಳಂತೆ ಅಲ್ವಾ? ಟ್ರಾವೆಲ್ ಇನ್ಶೂರೆನ್ಸಿನಲ್ಲಿ ಹಲ್ಲಿಗೆ ಇದ್ರೂ ತಡೀಲಿಕ್ಕಾಗದ ನೋವಿಗೆ ಮಾತ್ರ ಸ್ವಲ್ಪ ಇರ್ತದೆ. ಹೊರಡುವ ಮೊದಲು ಅಮ್ಮನನ್ನು ನಾನು ಬದಿಯಡ್ಕದಲ್ಲೇ ಡಾಕ್ಟ್ರಿಗೆ ತೋರಿಸಿ ಕಳಿಸ್ತೇನೆ, ಅದು ನನಗಿರ್ಲಿ.

ಬ್ರಿಟನ್ನಿನಲ್ಲಿ ಓದುವ ನನ್ನ ಅಕ್ಕನ ಮಗನೂ ಹೀಗೇ ಊರಿಗೆ ಬಂದು ಮಾಡಿಸ್ತೇನೆ ಅಂತ ಕೂತಿದ್ದ. ಇಂಗ್ಲೆಂಡಿನಲ್ಲಿ ಅಲ್ಲಿಯ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ರೇಟು ಬ್ಯಾಂಡ್ ಅಂದ್ರೆ ಹಂತದ ಲೆಕ್ಕದಲ್ಲಿ, ಫಿಲ್ಲಿಂಗ್, ರೂಟ್ ಕೆನಾಲ್, ಕೀಳುದು ಎಲ್ಲ ಎರಡನೇ ಬ್ಯಾಂಡ್, 2025ರ ಏಪ್ರಿಲ್‌ನಲ್ಲಿ ಅದು 75.30 ಪೌಂಡ್ ಇತ್ತು, ಎಷ್ಟು ಹಲ್ಲು ಆದ್ರೂ ಒಂದು ಟ್ರೀಟ್‌ಮೆಂಟಿಗೆ ಅಷ್ಟೆ, ಅರ್ಜೆಂಟ್ ಆದ್ರೆ 27.40 ಇತ್ತು. ಕಷ್ಟ ಎಂತ ಅಂದ್ರೆ ಹೊಸಬರನ್ನು ತಗೊಳ್ಳುವ ಡೆಂಟಿಸ್ಟ್ ಸಿಗುದು, ಅರ್ಜೆಂಟಿಗೆ 111ಕ್ಕೆ ಫೋನ್ ಮಾಡ್ಬೇಕು. ಅವನು ಮಾಡಿದ, ಸಿಕ್ಕಿತು. ಅಲ್ಲಿರುವ ನಮ್ಮ ಮಕ್ಕಳು ಓದ್ತಾ ಇದ್ರೆ ಗೊತ್ತಿರ್ಲಿ ಅಂತ ಬರೆದೆ.

ಶನಿವಾರ ನಿನಗೆ ರಜೆ, ಯುನಿವರ್ಸಿಟಿ ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ ಆ ದಿನ ಇದ್ದಾರಾ ಅಂತ ಕೇಳು, ಇಲ್ಲದಿದ್ರೆ ಒಂದು ದಿನ ಲೀವ್ ಹಾಕು. ಎಕ್ಸ್‌ರೇ ತೆಗೆದದ್ದನ್ನು ಫೋಟೋ ಹೊಡೆದು ವಾಟ್ಸಾಪಿನಲ್ಲಿ ಹಾಕ್ಬೇಡ, ಮಸುಕಾಗ್ತದೆ, ಒರಿಜಿನಲ್ ಫೈಲ್ ಕೇಳಿ ನನಗೆ ಮೇಲ್ ಮಾಡು, ಎಂತ ಮದ್ದು ಇಟ್ರು, ಎಷ್ಟು ಬೇರು ಕ್ಲೀನ್ ಮಾಡಿದ್ರು ಅಂತ ಬರೆಸಿಕೊಂಡ ಚೀಟಿಯೊಟ್ಟಿಗೆ. ನಾನು ದೇರಳಕಟ್ಟೆಯಲ್ಲಿ ತೋರಿಸಿ ಕ್ಯಾಪಿಗೆ ಎಷ್ಟು ದಿನ ಬೇಕು ಅಂತ ಕೇಳಿ ಹೇಳ್ತೇನೆ, ಅದರ ಮೇಲೆ ನೀನು ಟಿಕೆಟ್ ಬುಕ್ ಮಾಡು. ಹಣ ಕಮ್ಮಿ ಬಿದ್ರೆ ಮುಚ್ಚಿಡ್ಬೇಡ, ಈ ಸಲದ ಅಡಕೆ ಮಾರಿದ್ದು ಕೈಯಲ್ಲುಂಟು.

ನಿನ್ನ,
ರಾಮಣ್ಣ
ಬದಿಯಡ್ಕ